ಮೊಪೆಡ್ಡಿನ ಕಾರ್ಬ್ಯುರೇಟರು: ಅದರ ಕೆಲಸವೂ ಅದರ ತೊಂದರೆಗಳೂ

ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯ ಸುತ್ತಣ ಗ್ರಾಮಗಳಲ್ಲಿ ಹಿಂದೆ ಎತ್ತಿನ ಗಾಡಿಯು ಮಾಡುತ್ತಿದ್ದ ಅನೇಕ ಕೆಲಸಗಳನ್ನು ಈಗ ಮೊಪೆಡ್ ಎಂಬ ಪುಟ್ಟ ಬಂಡಿಯು ಮಾಡುತ್ತಲಿದೆ. ಹಾಲಿನ ಕ್ಯಾನು ಡೈರಿಗೆ ಹೋಗುವುದು ಅದರ ಮೇಲೆ. ಮೇವಿನ ಹೊರೆ ಹೊಲದಿಂದ ಬರುವುದು ಅದರ ಮೇಲೆ. ಮಗಳು ಶಾಲೆಗೂ ತಾಯಿಯು ಸಂತೆಗೂ ಹೋಗುವುದು ಅದರ ಮೇಲೆಯೇ. ಡಾಮರು ರಸ್ತೆಯಾಗಲಿ, ಕಾಲುದಾರಿಯಾಗಲಿ, ಕಡಲೆಕಾಯಿ ಹೊಲದ ಬದುವಾಗಲಿ, ಅದಕ್ಕೆ ಭೇದವಿಲ್ಲ. ೧೯೮೦ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಟಿ.ವಿ.ಎಸ್. ೫೦ ಎಂಬ ಮೊಪೆಡ್ಡು ಹೊರಟಿತು. ಅದರ ವಂಶದ ಬಂಡಿಗಳು ನಮ್ಮ ಬಯಲುಸೀಮೆಯಲ್ಲಿ ಕಾಣದ ಊರಿಲ್ಲ.

ಇಂತಹ ಬಂಡಿಯು ಒಂದು ಬೆಳಿಗ್ಗೆ ಹೊರಡದೆ ನಿಂತಿತೆಂದರೆ ನಷ್ಟವಾಗುವುದು ಬಂಡಿಗಲ್ಲ, ಮನೆಗೆ. ಹಾಲು ಒಡೆಯುತ್ತದೆ, ಕೂಲಿ ತಪ್ಪುತ್ತದೆ, ಹುಡುಗಿಯು ಪರೀಕ್ಷೆಗೆ ತಡವಾಗಿ ಮುಟ್ಟುತ್ತಾಳೆ. ಆಗ ನೆರೆದವರೆಲ್ಲರೂ “ಕಾರ್ಬ್ಯುರೇಟರು ಕೆಟ್ಟಿದೆ” ಎಂದು ಹೇಳುವುದು ವಾಡಿಕೆ. ಆದರೆ ಅಂತಹ ದೂರುಗಳಲ್ಲಿ ಅನೇಕವು ಕಾರ್ಬ್ಯುರೇಟರಿನವೇ ಅಲ್ಲ. ದೋಷವು ಎಲ್ಲಿದೆಯೆಂಬುದನ್ನು ಕ್ರಮವಾಗಿ ಹುಡುಕಲು ಬಲ್ಲವರಿಗೆ ಹಣವೂ ಉಳಿಯುತ್ತದೆ, ದಿನವೂ ಉಳಿಯುತ್ತದೆ. ಈ ವಿದ್ಯೆಯು ಗಂಡಸರದೇ ಎಂದು ತಿಳಿಯಲು ಯಾವ ಕಾರಣವೂ ಇಲ್ಲ.

ಅದಕ್ಕೆ ಚರಿತ್ರೆಯೇ ಸಾಕ್ಷಿ. ೧೮೮೬ರಲ್ಲಿ ಜರ್ಮನಿಯ ಕಾರ್ಲ್ ಬೆಂಜ್ ಎಂಬಾತನು ತನ್ನ ಮೋಟಾರು ಬಂಡಿಗೆ ಪೇಟೆಂಟು ಪಡೆದನು. ಜನರು ಅದನ್ನು ನಂಬಿ ಕೊಳ್ಳಲು ಹಿಂಜರಿದರು. ೧೮೮೮ರ ಆಗಸ್ಟ್ ತಿಂಗಳಲ್ಲಿ ಅವನ ಪತ್ನಿ ಬರ್ತಾ ಬೆಂಜ್ ತನ್ನ ಇಬ್ಬರು ಗಂಡುಮಕ್ಕಳೊಡನೆ ಆ ಬಂಡಿಯನ್ನೇರಿ ಮ್ಯಾನ್‌ಹೈಮ್ ಪಟ್ಟಣದಿಂದ ಫೋರ್ಟ್ಸ್‌ಹೈಮ್ ಪಟ್ಟಣದವರೆಗೆ ೧೦೦ ಕಿಲೋಮೀಟರಿಗೂ ಹೆಚ್ಚಿನ ದೂರ ಪ್ರಯಾಣ ಮಾಡಿದಳು. ನಡುದಾರಿಯಲ್ಲಿ ಇಂಧನ ತೀರಲು, ವೀಸ್ಲೋಕ್ ಎಂಬ ಊರಿನ ಔಷಧದ ಅಂಗಡಿಯಲ್ಲಿ ಅದನ್ನು ಕೊಂಡಳು. ಇಂಧನದ ಕೊಳವೆ ಕಟ್ಟಿಕೊಳ್ಳಲು, ತನ್ನ ಟೋಪಿಯ ಪಿನ್ನಿನಿಂದ ಅದನ್ನು ಬಿಡಿಸಿದಳು. ಮೋಟಾರಿನ ಇಂಧನದೋಷವನ್ನು ದಾರಿಯಲ್ಲಿಯೇ ಪರಿಹರಿಸಿದ ಮೊದಲಿಗರಲ್ಲಿ ಒಬ್ಬಳು ಹೆಂಗಸೆಂಬುದನ್ನು ನಮ್ಮ ಹುಡುಗಿಯರು ತಿಳಿದಿರಬೇಕು.

ಇನ್ನು ಕಾರ್ಬ್ಯುರೇಟರು ಎಂದರೇನು? ಪೆಟ್ರೋಲು ದ್ರವರೂಪದಲ್ಲಿ ಸರಿಯಾಗಿ ಉರಿಯಲಾರದು. ಸೂಕ್ಷ್ಮವಾದ ತುಂತುರಾಗಿ ಗಾಳಿಯೊಡನೆ ಬೆರೆಯಬೇಕು. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು ೧೫ ಪಾಲು ಗಾಳಿ ಬೇಕು. ಈ ಮಿಶ್ರಣವನ್ನು ಮಾಡಿಕೊಡುವುದೇ ಕಾರ್ಬ್ಯುರೇಟರಿನ ಕೆಲಸ. ಅತ್ತರಿನ ಸಿಂಪರಣೆಯ ಸೀಸೆಯನ್ನು ನೋಡಿದವರಿಗೆ ಇದರ ತತ್ತ್ವವು ಸುಲಭವಾಗಿ ತಿಳಿಯುವುದು. ಕಿರಿದಾದ ಕೊರಳಿನಲ್ಲಿ ಗಾಳಿಯು ವೇಗವಾಗಿ ನುಗ್ಗುವಾಗ ಅಲ್ಲಿ ಒತ್ತಡವು ತಗ್ಗುತ್ತದೆ; ಕೆಳಗಿನ ಬಟ್ಟಲಿನಲ್ಲಿರುವ ಪೆಟ್ರೋಲನ್ನು ಹೊರಗಣ ಗಾಳಿಯ ಒತ್ತಡವು ಜೆಟ್ ಎಂಬ ಹಿತ್ತಾಳೆಯ ಸಣ್ಣ ರಂಧ್ರದ ಮೂಲಕ ಮೇಲಕ್ಕೆ ತಳ್ಳುತ್ತದೆ. ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟವನ್ನು ಕಾಯುವುದಕ್ಕೆ ಫ್ಲೋಟ್ ಎಂಬ ತೇಲುವ ಗುಂಡು ಉಂಟು. ನೀರಿನ ತೊಟ್ಟಿ ತುಂಬಿದೊಡನೆ ತೇಲುಗುಂಡು ನಲ್ಲಿಯನ್ನು ಮುಚ್ಚುವಂತೆಯೇ ಇದೂ ಒಂದು ಸೂಜಿಯಿಂದ ಪೆಟ್ರೋಲಿನ ಬಾಯನ್ನು ಮುಚ್ಚುತ್ತದೆ. ಬಂಡಿಯು ನಿಂತಲ್ಲೇ ನಿಧಾನವಾಗಿ ಓಡುವಾಗ ಪೈಲಟ್ ಜೆಟ್ಟೂ, ವೇಗದಲ್ಲಿ ಮೈನ್ ಜೆಟ್ಟೂ ಪೆಟ್ರೋಲನ್ನು ಒದಗಿಸುತ್ತವೆ. ಈ ಭೇದವನ್ನು ನೆನಪಿನಲ್ಲಿಟ್ಟರೆ ಮುಂದಿನದೆಲ್ಲವೂ ಸ್ಪಷ್ಟವಾಗುವುದು.

ಪರೀಕ್ಷೆಯ ಮೊದಲ ನಿಯಮವೇನೆಂದರೆ, ಪೆಟ್ರೋಲು ಹರಿಯುವ ದಾರಿಯನ್ನೇ ಅನುಸರಿಸಿ ಟ್ಯಾಂಕಿನಿಂದ ಕೆಳಕ್ಕೆ ಬರತಕ್ಕದ್ದು. ಎರಡನೆಯದು, ಒಂದು ಸಲಕ್ಕೆ ಒಂದನ್ನೇ ಬದಲಾಯಿಸತಕ್ಕದ್ದು. ಮೂರು ತಿರುಪುಗಳನ್ನು ಒಟ್ಟಿಗೆ ತಿರುಗಿಸಿದವನಿಗೆ ಯಾವುದರಿಂದ ಏನಾಯಿತೆಂಬುದು ಎಂದಿಗೂ ತಿಳಿಯದು.

ಬಂಡಿಯು ಹೊರಡದಿದ್ದರೆ ಟ್ಯಾಂಕಿನಲ್ಲಿ ಪೆಟ್ರೋಲಿದೆಯೇ, ಕಾಕು ತೆರೆದಿದೆಯೇ ಎಂದು ಮೊದಲು ನೋಡಬೇಕು. ನಗಬೇಡಿರಿ, ಎಷ್ಟೋ ದೂರುಗಳು ಇಲ್ಲಿಯೇ ಮುಗಿಯುತ್ತವೆ. ಬಳಿಕ ಟ್ಯಾಂಕಿನ ಮುಚ್ಚಳವನ್ನು ತೆಗೆಯಬೇಕು. ತೆಗೆಯುವಾಗ ಗಾಳಿಯು ಒಳಗೆ ಎಳೆದುಕೊಂಡ ಸದ್ದಾಗಿ, ಆಮೇಲೆ ಬಂಡಿಯು ಸರಿಯಾಗಿ ಹೊರಟರೆ, ಮುಚ್ಚಳದ ಗಾಳಿಯ ರಂಧ್ರವು ಧೂಳಿನಿಂದ ಕಟ್ಟಿದೆಯೆಂದು ತಿಳಿಯಬೇಕು. ಗಾಳಿಯು ಒಳಗೆ ಹೋಗದೆ ಪೆಟ್ರೋಲು ಕೆಳಗೆ ಇಳಿಯದು. ಎರಡು ಮೈಲಿ ಓಡಿ ನಿಂತು, ಸ್ವಲ್ಪ ಹೊತ್ತು ಬಿಟ್ಟು ಪುನಃ ಓಡುವ ಬಂಡಿಯಲ್ಲಿ ಈ ದೋಷವನ್ನೇ ಮೊದಲು ಶಂಕಿಸಬೇಕು.

ಇದಾದ ಮೇಲೆ ಎಂಜಿನು ತಣ್ಣಗಿರುವಾಗ ಕಾರ್ಬ್ಯುರೇಟರಿನ ಕಡೆಯ ಕೊಳವೆಯನ್ನು ಬಿಡಿಸಿ, ಶುಭ್ರವಾದ ಗಾಜಿನ ಸೀಸೆಯಲ್ಲಿ ಹಿಡಿದು ಕಾಕನ್ನು ತೆರೆಯಬೇಕು. ಪೆಟ್ರೋಲು ಎಡೆಬಿಡದೆ ಬಂದರೆ ಟ್ಯಾಂಕು, ಕಾಕು, ಕೊಳವೆಗಳು ನಿರ್ದೋಷಿಗಳು. ತೊಟ್ಟಿಕ್ಕಿದರೆ ಕಾಕಿನ ಜಾಲರಿಯೋ ಕೊಳವೆಯ ಶೋಧಕವೋ ಕಟ್ಟಿದೆ. ಸೀಸೆಯನ್ನು ಸ್ವಲ್ಪ ಹೊತ್ತು ಅಲುಗಿಸದೆ ಇಟ್ಟು ನೋಡಿರಿ: ತಳದಲ್ಲಿ ಬೇರೊಂದು ಪದರವೋ ತುಕ್ಕಿನ ಪುಡಿಯೋ ಕಂಡರೆ ರೋಗದ ಮೂಲವು ಟ್ಯಾಂಕಿನಲ್ಲಿದೆ. ಅದನ್ನು ತೊಳೆಯದೆ ಕಾರ್ಬ್ಯುರೇಟರನ್ನು ಎಷ್ಟು ಸಲ ಬಿಚ್ಚಿದರೂ ವ್ಯರ್ಥ.

ಪೆಟ್ರೋಲು ಬರುತ್ತಿದ್ದರೂ ಎಂಜಿನು ಎದ್ದೇಳದಿದ್ದರೆ, ಹಲವು ಸಲ ಕಿಕ್ ಹೊಡೆದ ಬಳಿಕ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡುವುದು. ಅದು ಒಣಗಿದ್ದರೆ ಪೆಟ್ರೋಲು ಎಂಜಿನಿಗೆ ಮುಟ್ಟುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲು ಮುಟ್ಟಿದೆ. ಒಂದೋ ಅದು ಅತಿಯಾಗಿದೆ, ಇಲ್ಲವೇ ಕಿಡಿಯು ಬರುತ್ತಿಲ್ಲ. ಕಿಡಿಯ ದೋಷಕ್ಕೆ ಕಾರ್ಬ್ಯುರೇಟರನ್ನು ದಂಡಿಸಬಾರದು.

ಚೋಕ್ ಎಳೆದಾಗ ಮಾತ್ರ ಓಡಿ, ಬಿಟ್ಟೊಡನೆ ನಿಲ್ಲುವ ಬಂಡಿಯಲ್ಲಿ ಪೈಲಟ್ ಜೆಟ್ಟು ಕಟ್ಟಿರಬಹುದು, ಅಥವಾ ಕಾರ್ಬ್ಯುರೇಟರೂ ಎಂಜಿನೂ ಕೂಡುವೆಡೆಯಲ್ಲಿ ಬಿರುಕಿನಿಂದ ಹೆಚ್ಚಿನ ಗಾಳಿ ನುಗ್ಗುತ್ತಿರಬಹುದು. ನಿಂತಲ್ಲಿ ಚೆನ್ನಾಗಿ ಓಡಿ, ಹೊರೆ ಹೊತ್ತು ಏರು ಹತ್ತುವಾಗ ಸೊರಗಿದರೆ ಮೈನ್ ಜೆಟ್ಟನ್ನೂ ಪೆಟ್ರೋಲಿನ ಹರಿವನ್ನೂ ನೋಡಬೇಕು. ಕಪ್ಪು ಹೊಗೆ ಬಂದು ಪ್ಲಗ್ಗಿಗೆ ಮಸಿ ಹಿಡಿದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ಚೋಕ್ ಪೂರ್ತಿಯಾಗಿ ಹಿಂದೆ ಹೋಗಿಲ್ಲವೋ, ಗಾಳಿಯ ಶೋಧಕವು ಧೂಳಿನಿಂದ ತುಂಬಿದೆಯೋ ಎಂದು ಪರೀಕ್ಷಿಸಬೇಕು. ಕಾರ್ಬ್ಯುರೇಟರಿನಿಂದ ಪೆಟ್ರೋಲು ಸೋರಿದರೆ ಫ್ಲೋಟಿನ ಸೂಜಿಯ ಕೆಳಗೆ ಕಸ ಕೂತಿದೆ, ಸೂಜಿಯು ಸವೆದಿದೆ, ಇಲ್ಲವೇ ಫ್ಲೋಟಿಗೆ ತೂತು ಬಿದ್ದಿದೆ. ಆಗ ಕಾಕನ್ನು ತಕ್ಷಣ ಮುಚ್ಚಿ, ಬಂಡಿಯನ್ನು ಓಡಿಸದೆ ದುರಸ್ತಿಗೆ ಒಪ್ಪಿಸತಕ್ಕದ್ದು.

ಜೆಟ್ಟಿನ ರಂಧ್ರವು ಒಂದು ಮಿಲಿಮೀಟರಿಗಿಂತ ಕಿರಿದು. ಬರ್ತಾ ಬೆಂಜ್ ಪಿನ್ನು ಚುಚ್ಚಿದ್ದು ಕೊಳವೆಗೆ. ಜೆಟ್ಟಿಗೆ ಉಕ್ಕಿನ ಸೂಜಿಯನ್ನು ಚುಚ್ಚಕೂಡದು. ಮೆದುವಾದ ಹಿತ್ತಾಳೆಯು ಸವೆದು ರಂಧ್ರ ದೊಡ್ಡದಾದರೆ ಬಂಡಿಯು ಅಂದಿನಿಂದ ಹೆಚ್ಚು ಪೆಟ್ರೋಲು ಕುಡಿಯುವುದು. ಕಾರ್ಬ್ಯುರೇಟರಿಗೆಂದೇ ಮಾರುವ ದ್ರಾವಣದಲ್ಲಿ ನೆನೆಸಿ, ಪಂಪಿನ ಗಾಳಿಯಿಂದ ಊದಿಸುವುದೇ ಸರಿಯಾದ ಕ್ರಮ. ಊದುವಾಗ ಕಣ್ಣನ್ನು ದೂರವಿಡಬೇಕು.

ಮಳೆ ಕಡಿಮೆಯಾದ ನಮ್ಮ ಸೀಮೆಯಲ್ಲಿ ಧೂಳೇ ದೊಡ್ಡ ಶತ್ರು. ಗಾಳಿಯ ಶೋಧಕವನ್ನು ತೆಗೆದುಹಾಕಿದರೆ ಬಂಡಿಗೆ ಬಲ ಬರುವುದೆಂದು ಕೆಲವರು ಹೇಳುವುದುಂಟು. ಅದು ತಪ್ಪು. ಒಳಹೊಕ್ಕ ಮರಳಿನ ಕಣಗಳು ಪಿಸ್ಟನ್ನನ್ನೂ ಸಿಲಿಂಡರನ್ನೂ ಅರದಂತೆ ಉಜ್ಜಿ ಸವೆಸುತ್ತವೆ. ಶೋಧಕವನ್ನು ಆಗಾಗ್ಗೆ ಶುಚಿಮಾಡಿ ಮರಳಿ ಹಾಕುವುದೇ ಅಗ್ಗದ ಚಿಕಿತ್ಸೆ.

ಪೆಟ್ರೋಲಿನ ಗುಣವೂ ಬದಲಾಗಿದೆ. ೨೦೨೩ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ, ನೂರಕ್ಕೆ ೨೦ ಪಾಲು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ದೊರೆಯಿತು. ೨೦೨೫ರ ವೇಳೆಗೆ ಅದು ದೇಶದಲ್ಲೆಲ್ಲ ಹರಡಿತು. ಎಥನಾಲ್ ಎಂಬುದು ಮದ್ಯಸಾರ. ಅದಕ್ಕೆ ನೀರನ್ನು ಸೆಳೆದುಕೊಳ್ಳುವ ಗುಣವುಂಟು. ನೀರು ಮಿತಿಮೀರಿದರೆ ಮದ್ಯಸಾರವೂ ನೀರೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಕಾಕು ಎಳೆಯುವುದು ತಳದಿಂದಲೇ. ಹಳೆಯ ಬಂಡಿಗಳ ರಬ್ಬರಿನ ಕೊಳವೆ ಹಾಗೂ ವಾಷರುಗಳು ಇದರಿಂದ ಬೇಗ ಹಾಳಾಗಬಹುದು; ಅವನ್ನು ಆಗಾಗ್ಗೆ ನೋಡುತ್ತಿರಬೇಕು. ಬಂಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬ್ಯುರೇಟರಿನ ಬಟ್ಟಲನ್ನು ಬರಿದುಮಾಡಿಡಬೇಕು. ಹಾಗೆ ಮಾಡದಿದ್ದರೆ ಪೆಟ್ರೋಲಿನ ಹಗುರವಾದ ಅಂಶವು ಆರಿ, ಉಳಿದ ಜಿಗುಟು ಜೆಟ್ಟನ್ನು ಮುಚ್ಚುತ್ತದೆ.

೨೦೨೦ರ ಏಪ್ರಿಲ್ ತಿಂಗಳಲ್ಲಿ ಹೊಸ ಹೊಗೆನಿಯಮವು ಜಾರಿಗೆ ಬರುವ ವೇಳೆಗೆ ಟಿ.ವಿ.ಎಸ್. ಎಕ್ಸ್.ಎಲ್. ೧೦೦ ಬಂಡಿಯಲ್ಲಿ ಕಾರ್ಬ್ಯುರೇಟರಿನ ಬದಲಿಗೆ ಫ್ಯೂಯಲ್ ಇಂಜೆಕ್ಷನ್ ಬಂದಿತು. ಅಲ್ಲಿ ಪೆಟ್ರೋಲನ್ನು ಅಳೆದುಕೊಡುವುದು ವಿದ್ಯುತ್ತಿನ ಬುದ್ಧಿ. ಅಂತಹ ಬಂಡಿಯಲ್ಲಿ ಪೆಟ್ರೋಲು, ಗಾಳಿಯ ಶೋಧಕ, ಬ್ಯಾಟರಿ ಇವನ್ನು ನೋಡಿ, ಎಚ್ಚರಿಕೆಯ ದೀಪವು ಆರದಿದ್ದರೆ ಪರಿಣತರಿಗೆ ಬಿಡುವುದೇ ಒಳಿತು.

ಕಡೆಯದಾಗಿ ಎಲ್ಲಕ್ಕಿಂತ ಮುಖ್ಯವಾದ ಮಾತು. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರ. ಅದು ನೆಲವನ್ನು ಹಿಡಿದು ಹರಿದು ದೂರದ ಒಲೆಯನ್ನೋ ದೀಪವನ್ನೋ ಮುಟ್ಟಿ ಹೊತ್ತಿಕೊಳ್ಳಬಲ್ಲದು. ಆದುದರಿಂದ ಈ ಕೆಲಸವನ್ನು ಹಗಲಿನಲ್ಲಿ, ಬಯಲಿನಲ್ಲಿ, ಅಡಿಗೆಮನೆಯಿಂದ ದೂರದಲ್ಲಿ ಮಾಡಬೇಕು. ಕೊಳವೆಯನ್ನು ಬಾಯಿಂದ ಎಳೆಯಕೂಡದು. ಪಾನೀಯದ ಸೀಸೆಗಳಲ್ಲಿ ಪೆಟ್ರೋಲನ್ನು ತುಂಬಿ ಮನೆಯಲ್ಲಿಡುವ ಪದ್ಧತಿಯನ್ನು ಬಿಡಲೇಬೇಕು. ಮಕ್ಕಳು ಅದನ್ನು ಷರಬತ್ತೆಂದು ಕುಡಿದಾರು. ಕುಡಿದುದಾದರೆ ವಾಂತಿ ಮಾಡಿಸಬಾರದು. ವಾಂತಿಯಲ್ಲಿ ಅದು ಶ್ವಾಸಕೋಶಕ್ಕೆ ಇಳಿದು ಹೆಚ್ಚಿನ ಅಪಾಯವಾಗುತ್ತದೆ. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ತಾಯಿತಂದೆಗಳೇ, ಬಂಡಿಯನ್ನು ನಡೆಸಲು ಮಗಳಿಗೆ ಕಲಿಸುವಾಗ ಕಾಕು, ಮುಚ್ಚಳ, ಶೋಧಕ, ಪ್ಲಗ್ ಇವೆಲ್ಲಿವೆಯೆಂಬುದನ್ನೂ ತೋರಿಸಿಕೊಡಿರಿ. ಒಂದು ಗಾಜಿನ ಸೀಸೆ, ಒಂದು ಪ್ಲಗ್ ಸ್ಪ್ಯಾನರು, ಒಂದು ಒಣಬಟ್ಟೆ, ಇಷ್ಟೇ ಸಾಮಗ್ರಿಯಿಂದ ಅವಳು ನಡುದಾರಿಯ ಅನೇಕ ತೊಂದರೆಗಳನ್ನು ತಾನೇ ಗುರುತಿಸಿಕೊಳ್ಳಬಲ್ಲಳು. ಗುರುತಿಸಿಕೊಂಡವಳು ಮೆಕ್ಯಾನಿಕ್ಕಿನ ಮುಂದೆ “ಏನೋ ಕೆಟ್ಟಿದೆ” ಎನ್ನದೆ, “ಕೊಳವೆಯಲ್ಲಿ ಪೆಟ್ರೋಲು ಬರುತ್ತಿದೆ, ಪ್ಲಗ್ ಒಣಗಿದೆ” ಎಂದು ಹೇಳುವಳು. ಆ ಒಂದು ಮಾತಿನಿಂದ ದುರಸ್ತಿಯ ಅರ್ಧ ಕೆಲಸವು ಮುಗಿದಂತಾಗುವುದು.