ಎಡಗೈಗೊಂದು ಲೇಖನಿ

ಇಂಕಿನ ಪೆನ್ನೇ ಶಾಲೆಗಳಲ್ಲಿ ಆಳುತ್ತಿದ್ದ ದಿನಗಳಲ್ಲಿ ಪ್ರತಿಯೊಂದು ತರಗತಿಯಲ್ಲಿಯೂ ಇಂತಹ ಕಾಪಿಪುಸ್ತಕ ಒಂದೆರಡಾದರೂ ಇರುತ್ತಿದ್ದುವು. ಅಕ್ಷರಗಳೇನೋ ದುಂಡಗೆ ಬಿದ್ದಿರುತ್ತಿದ್ದುವು. ಆದರೆ ಪ್ರತಿ ಸಾಲಿನ ಮೇಲೂ ಒದ್ದೆ ಬಟ್ಟೆಯನ್ನು ಎಳೆದಂತೆ ನೀಲಿಯ ಛಾಯೆ ಹರಡಿರುತ್ತಿತ್ತು. ಬರೆದ ಮಗುವಿನ ಎಡಗೈಯನ್ನು ತಿರುಗಿಸಿ ನೋಡಿದರೆ, ಕಿರುಬೆರಳಿನ ತುದಿಯಿಂದ ಮಣಿಕಟ್ಟಿನವರೆಗೆ ಅಂಗೈಯ ಅಂಚೆಲ್ಲ ಮಸಿಮಯ. ಪುಟದ ಕೊನೆಯಲ್ಲಿ ‘ಬರಹ ಶುಚಿಯಾಗಿಲ್ಲ’ ಎಂದು ಕೆಂಪು ಮಸಿಯ ಷರಾ. ಜೊತೆಗೆ ಎರಡು ಅಂಕಗಳ ಖೋತಾ. ಮನೆಗೆ ಬಂದರೆ, “ಬಲಗೈಲಿ ಬರಿಯೋ ಕಂದಾ, ಎಡಗೈಲಿ ಸರಸ್ವತೀನ ಮುಟ್ಟಬಾರದು” ಎಂಬ ಅಜ್ಜಿಯ ಬುದ್ಧಿವಾದ.

ತಪ್ಪು ಯಾರದು? ಮಗುವಿನದೇ ಎಂದು ಶಾಲೆಯೂ ಮನೆಯೂ ಒಮ್ಮತದಿಂದ ತೀರ್ಪು ಕೊಟ್ಟುಬಿಡುತ್ತಿದ್ದುವು. ಪೆನ್ನನ್ನು ಮಾತ್ರ ಯಾರೂ ಕಟಕಟೆಗೆ ಕರೆಯಲಿಲ್ಲ!

ಪ್ರಪಂಚದಲ್ಲಿ ಹೆಚ್ಚು ಕಡಿಮೆ ನೂರಕ್ಕೆ 10 ಮಂದಿ ಎಡಗೈಯವರು. 40 ಮಕ್ಕಳ ತರಗತಿಯೊಂದರಲ್ಲಿ ನಾಲ್ವರು ಹೀಗಿದ್ದರೆ ಅದರಲ್ಲಿ ಸೋಜಿಗವೇನೂ ಇಲ್ಲ. ‘ಎಡಚ’, ‘ರೊಡ್ಡ’ ಎಂದು ಕರೆಸಿಕೊಂಡು, ಬೆರಳ ಗಂಟಿನ ಮೇಲೆ ಪೆಟ್ಟು ತಿಂದು, ಅನೇಕರು ಕೈಯನ್ನೇ ಬದಲಾಯಿಸಿಕೊಂಡರು. ಇದು ಬಡವರ ಮನೆಯ ಕಥೆಯಷ್ಟೇ ಅಲ್ಲ. ಇಂಗ್ಲೆಂಡಿನ ದೊರೆ ಆರನೆಯ ಜಾರ್ಜ್ ಹುಟ್ಟಿನಿಂದ ಎಡಗೈಯವನು. ಅವನನ್ನೂ ಬಾಲ್ಯದಲ್ಲಿ ಬಲಗೈಯಲ್ಲಿಯೇ ಬರೆಯುವಂತೆ ತಿದ್ದಲಾಯಿತು. ಚಕ್ರಾಧಿಪತ್ಯವನ್ನು ಆಳಬಹುದಾದ ಕೈಗೂ ತನ್ನ ಲೇಖನಿಯನ್ನು ತಾನು ಹಿಡಿಯುವ ಸ್ವಾತಂತ್ರ್ಯವಿರಲಿಲ್ಲ.

ಹೆಬ್ಬಾತಿನ ಎರಡು ರೆಕ್ಕೆ

ಲೇಖನಿಯು ಮೊದಲಿನಿಂದಲೂ ಬಲಗೈಯ ಪಕ್ಷಪಾತಿಯಾಗಿತ್ತೆಂದು ತಿಳಿಯಬೇಕಾಗಿಲ್ಲ. ಯೂರೋಪಿನಲ್ಲಿ ನೂರಾರು ವರ್ಷಗಳ ಕಾಲ ಬರೆಯುವ ಸಾಧನವಾಗಿದ್ದುದು ಹೆಬ್ಬಾತಿನ ಗರಿ. ಹಕ್ಕಿಯ ಎಡರೆಕ್ಕೆಯಿಂದ ಕಿತ್ತ ಗರಿಯನ್ನು ಬಲಗೈಯಲ್ಲಿ ಹಿಡಿದರೆ ಅದು ಹೊರಕ್ಕೆ ಬಾಗಿ, ಕಣ್ಣಿಗೆ ಅಡ್ಡ ಬರದೆ ನಿಲ್ಲುತ್ತದೆ. ಬಲರೆಕ್ಕೆಯ ಗರಿ ಎಡಗೈಗೆ ಅಷ್ಟೇ ಚೆನ್ನಾಗಿ ಹೊಂದುತ್ತದೆ. ಹಕ್ಕಿಗೆ ಎರಡು ರೆಕ್ಕೆಗಳಿದ್ದುದರಿಂದ ಎರಡು ಕೈಗಳಿಗೂ ನ್ಯಾಯ ದೊರೆಯುತ್ತಿತ್ತು.

ಎಡಗೈಯ ಬರಹಗಾರರಲ್ಲೆಲ್ಲ ಪ್ರಖ್ಯಾತನಾದ ಲಿಯೊನಾರ್ಡೊ ಡ ವಿಂಚಿ (1452–1519) ಇಂತಹ ಗರಿಯಿಂದಲೇ ತನ್ನ ಟಿಪ್ಪಣಿ ಪುಸ್ತಕಗಳನ್ನು ತುಂಬಿದನು. ಅವನ ಸಾಲುಗಳು ಬಲದಿಂದ ಎಡಕ್ಕೆ ಓಡುತ್ತವೆ; ಕನ್ನಡಿಯ ಮುಂದೆ ಹಿಡಿದರೆ ಅಕ್ಷರಗಳು ನೇರವಾಗಿ ಕಾಣುತ್ತವೆ. ತನ್ನ ಶೋಧಗಳನ್ನು ಗುಟ್ಟಾಗಿಡಲು ಹೀಗೆ ಬರೆದನೆಂಬ ಕಥೆ ಬಹಳ ಪ್ರಚಾರದಲ್ಲಿದೆ. ಆದರೆ ಎಡಗೈಯಲ್ಲಿ ಒಂದು ಪುಟ ಬರೆದು ನೋಡಿದವರಿಗೆ ಇನ್ನೊಂದು ಕಾರಣವೂ ಹೊಳೆಯದಿರದು. ಬಲದಿಂದ ಎಡಕ್ಕೆ ಸಾಗುವ ಎಡಗೈ ಒದ್ದೆಯ ಮಸಿಯನ್ನು ಹಿಂದೆ ಬಿಟ್ಟು ಮುಂದೆ ಹೋಗುತ್ತದೆ, ಅದನ್ನು ತುಳಿಯುವುದಿಲ್ಲ.

ನಮ್ಮ ನಾಡಿನ ತಾಳೆಗರಿಯ ಕಾಲದಲ್ಲಿ ಈ ಸಮಸ್ಯೆಯೇ ಇರಲಿಲ್ಲ. ಲಿಪಿಕಾರನು ಕಂಠವೆಂಬ ಕಬ್ಬಿಣದ ಮೊನೆಯಿಂದ ಗರಿಯ ಮೇಲೆ ಅಕ್ಷರಗಳನ್ನು ಕೊರೆಯುತ್ತಿದ್ದನು. ಕೊರೆದು ಮುಗಿದ ಮೇಲೆ ಕಾಡಿಗೆಯನ್ನು ಸವರಿ ಒರೆಸಿದರೆ ಗೀರುಗಳಲ್ಲಿ ಮಾತ್ರ ಕಪ್ಪು ಉಳಿಯುತ್ತಿತ್ತು. ಬರೆಯುವಾಗ ಮಸಿಯೇ ಇಲ್ಲದಿದ್ದ ಮೇಲೆ ಕಲೆಸಿಹೋಗುವ ಭಯವೆಲ್ಲಿಯದು?

ಎಳೆಯುವ ಕೈ, ತಳ್ಳುವ ಕೈ

ಕಷ್ಟ ಆರಂಭವಾದದ್ದು ಮಸಿಯನ್ನು ಹೊಟ್ಟೆಯಲ್ಲಿಟ್ಟುಕೊಂಡ ಲೋಹದ ಪೆನ್ನಿನಿಂದ. ರುಮೇನಿಯದ ಪೆತ್ರಾಕೆ ಪೊಯೆನಾರು 1827ರಲ್ಲಿ ಪ್ಯಾರಿಸಿನಲ್ಲಿ ಇಂತಹದೊಂದು ಪೆನ್ನಿಗೆ ಹಕ್ಕುಪತ್ರ ಪಡೆದನು. 1884ರಲ್ಲಿ ಅಮೆರಿಕದ ಲೂಯಿಸ್ ವಾಟರ್‌ಮನ್ ಪಡೆದ ಹಕ್ಕುಪತ್ರದ ಅನಂತರ ಫೌಂಟನ್ ಪೆನ್ನು ನಂಬಿಕೆಗೆ ಅರ್ಹವಾದ ವಸ್ತುವಾಯಿತು. ಅದರ ರಹಸ್ಯ ಸರಳ. ದೀಪದ ಬತ್ತಿಯಲ್ಲಿ ಎಣ್ಣೆ ತಾನಾಗಿ ಏರುವಂತೆ, ಕಿರಿದಾದ ಸಂದಿಯಲ್ಲಿ ಮಸಿ ತಾನಾಗಿ ಹರಿಯುತ್ತದೆ. ನಿಬ್ಬಿನ ನಡುವೆ ಇರುವ ಕೂದಲೆಳೆಯಂತಹ ಸೀಳೇ ಆ ಸಂದಿ. ಮಸಿ ಕೆಳಕ್ಕೆ ಇಳಿದಷ್ಟೂ ಗಾಳಿ ಒಳಕ್ಕೆ ಹೋಗುವಂತೆ, ನಿಬ್ಬಿನ ಕೆಳಗಿರುವ ನಾಲಗೆಯಲ್ಲಿ ಸಣ್ಣ ಕಾಲುವೆಗಳಿರುತ್ತವೆ.

ಇನ್ನು ಕೈಯ ವಿಷಯ. ಬಲಗೈಯವನು ಎಡದಿಂದ ಬಲಕ್ಕೆ ಬರೆಯುವಾಗ ನಿಬ್ಬು ಕೈಯ ಹಿಂದೆ ಎಳೆಯಲ್ಪಡುತ್ತದೆ. ಅದರ ಎರಡು ಸೀಳುಗಳೂ ಸಮನಾಗಿ ಕಾಗದವನ್ನು ಮುಟ್ಟಿ ಮಸಿ ಸರಾಗವಾಗಿ ಇಳಿಯುತ್ತದೆ. ಎಡಗೈಯವನು ಅದೇ ದಿಕ್ಕಿನಲ್ಲಿ ಬರೆಯುವಾಗ ನಿಬ್ಬನ್ನು ಮುಂದಕ್ಕೆ ತಳ್ಳಬೇಕಾಗುತ್ತದೆ. ಎತ್ತು ಎಳೆಯಬೇಕಾದ ಗಾಡಿಯನ್ನು ಹಿಂದಿನಿಂದ ನೂಕಿದಂತೆ! ಚೂಪಾದ ತುದಿ ಕಾಗದದ ನಾರಿಗೆ ಸಿಕ್ಕಿಕೊಂಡು ‘ಕರ್’ ಎನ್ನುತ್ತದೆ. ಒಂದು ಸೀಳು ಒತ್ತಿ, ಇನ್ನೊಂದು ಮೇಲೆದ್ದು, ಮಸಿಯ ಧಾರೆ ನಡುನಡುವೆ ಕಡಿಯುತ್ತದೆ. ಬರಲಿಲ್ಲವೆಂದು ಇನ್ನಷ್ಟು ಒತ್ತಿದರೆ ನಿಬ್ಬು ಸೋತು ಕವಲೊಡೆಯುತ್ತದೆ.

‘ಒಬ್ಬರ ಪೆನ್ನನ್ನು ಇನ್ನೊಬ್ಬರಿಗೆ ಕೊಡಬಾರದು’ ಎಂಬ ಹಳೆಯ ಮಾತಿನಲ್ಲಿಯೂ ಇಷ್ಟು ಸತ್ಯವಿದೆ. ವರ್ಷಗಟ್ಟಲೆ ಒಂದೇ ಓರೆಯಲ್ಲಿ ಬರೆದ ನಿಬ್ಬಿನ ತುದಿ ಆ ಓರೆಗೆ ತಕ್ಕಂತೆ ಸವೆದಿರುತ್ತದೆ. ಬಲಗೈಯ ತಂದೆ ಇಪ್ಪತ್ತು ವರ್ಷ ಬರೆದು, ಪ್ರೀತಿಯಿಂದ ಎಡಗೈಯ ಮಗಳಿಗೆ ಕೊಟ್ಟ ಪೆನ್ನು ಅವಳ ಕೈಯಲ್ಲಿ ಮೊರೆಯಿಟ್ಟರೆ, ಅದು ಅವಳ ದೋಷವಲ್ಲ.

ಮೂರು ಭಂಗಿಗಳು

ಎಡಗೈಯ ಬರಹಗಾರರಲ್ಲಿ ಮೂರು ಪಂಗಡಗಳನ್ನು ಕಾಣಬಹುದು. ಮೊದಲನೆಯವರು ಮಣಿಕಟ್ಟನ್ನು ಕುಡುಗೋಲಿನಂತೆ ಬಾಗಿಸಿ, ಸಾಲಿನ ಮೇಲುಗಡೆಯಿಂದ ಬರೆಯುವವರು. ಅಮೆರಿಕದ 44ನೆಯ ಅಧ್ಯಕ್ಷ ಬರಾಕ್ ಒಬಾಮಾ ಸಹಿ ಮಾಡುತ್ತಿರುವ ಚಿತ್ರಗಳನ್ನು ಕಂಡವರಿಗೆ ಈ ಭಂಗಿ ಪರಿಚಿತವೇ. ಇದರಲ್ಲಿ ಮಸಿ ಚೆನ್ನಾಗಿಯೇ ಇಳಿಯುತ್ತದೆ. ಆದರೆ ಕೈ ಮೇಲಿನ ಸಾಲುಗಳನ್ನು ಒರೆಸುತ್ತ ಸಾಗುತ್ತದೆ, ಮಣಿಕಟ್ಟು ಬೇಗ ನೋಯುತ್ತದೆ. ಎರಡನೆಯವರು ಕೈಯನ್ನು ಸಾಲಿನ ಮೇಲೆಯೇ ಇರಿಸಿ ಬರೆಯುವವರು. ಈಗತಾನೆ ಬರೆದ ಅಕ್ಷರವೇ ಇವರ ಅಂಗೈಗೆ ಆಹಾರವಾಗುವುದರಿಂದ ಫೌಂಟನ್ ಪೆನ್ನಿನಿಂದ ಅತ್ಯಂತ ಹೆಚ್ಚು ಕಷ್ಟ ಇವರಿಗೇ.

ಮೂರನೆಯವರು ಸಾಲಿನ ಕೆಳಗೆ ಕೈಯಿಟ್ಟು ಬರೆಯುವವರು. ಇವರೇ ಭಾಗ್ಯವಂತರು. ಕಾಗದವನ್ನು ಮೈಯ ನಡುವಿಗಿಂತ ಸ್ವಲ್ಪ ಎಡಕ್ಕೆ ಸರಿಸಿ, ಅದರ ಮೇಲಂಚು ಬಲಕ್ಕೆ ವಾಲುವಂತೆ ತಿರುಗಿಸಿಕೊಂಡು, ಪೆನ್ನನ್ನು ನಿಬ್ಬಿನಿಂದ ಎರಡು ಬೆರಳಷ್ಟು ಹಿಂದೆ ಹಿಡಿದರೆ, ಕೈ ಸಹಜವಾಗಿ ಸಾಲಿನ ಕೆಳಗೆ ಬರುತ್ತದೆ. ಮಸಿ ಮೇಲೆ, ಕೈ ಕೆಳಗೆ, ಇಬ್ಬರಿಗೂ ಭೇಟಿಯಿಲ್ಲ. ನಿಬ್ಬನ್ನು ತಳ್ಳುವುದೂ ಬಹುಮಟ್ಟಿಗೆ ತಪ್ಪುತ್ತದೆ.

ಕನ್ನಡದಲ್ಲಿ ಬರೆಯುವವರು ಇಲ್ಲಿ ಇನ್ನೊಂದು ಎಚ್ಚರ ವಹಿಸಬೇಕು. ಇಂಗ್ಲಿಷಿನಲ್ಲಿ ಕೆಲವೇ ಅಕ್ಷರಗಳ ಬಾಲ ಸಾಲಿನಿಂದ ಕೆಳಕ್ಕೆ ಇಳಿಯುತ್ತದೆ. ನಮ್ಮಲ್ಲಿ ಒತ್ತಕ್ಷರಗಳೆಲ್ಲ ಸಾಲಿನ ಕೆಳಗೇ ಮನೆ ಮಾಡಿಕೊಂಡಿವೆ. ‘ವಿಜ್ಞಾನ’, ‘ಸ್ವಾತಂತ್ರ್ಯ’ ಎಂಬ ಮಾತುಗಳನ್ನು ಬರೆದು ಮುಂದಕ್ಕೆ ಸರಿಯುವ ಕೈ, ಇಂಗ್ಲಿಷ್ ಬರೆಯುವ ಕೈಗಿಂತ ಇನ್ನೂ ಅರ್ಧ ಅಂಗುಲ ಕೆಳಗಿದ್ದರೆ ಕ್ಷೇಮ. ತಲೆಕಟ್ಟೂ ಎಡದಿಂದ ಬಲಕ್ಕೆ ಸಾಗುವ ಗೀಟಾದುದರಿಂದ ಎಡಗೈಗೆ ತಳ್ಳುವ ಗೀಟೇ. ಅದನ್ನು ಹಗುರವಾಗಿ, ಒತ್ತದೆ ಎಳೆಯುವುದನ್ನು ಅಭ್ಯಾಸ ಮಾಡಿಕೊಳ್ಳಬೇಕಾಗುತ್ತದೆ. ಆದರೆ ಪಕ್ಕದ ಬೀದಿಯ ಉರ್ದು ಶಾಲೆಯಲ್ಲಿ ಕುಳಿತ ಎಡಗೈಯ ಬಾಲಕನಿಗೆ ಈ ಸಂಕಟವಿಲ್ಲ. ಅವನ ಲಿಪಿ ಬಲದಿಂದ ಎಡಕ್ಕೆ ಸಾಗುವುದರಿಂದ ಅಂಗೈ ಬೆಳ್ಳಗೇ ಉಳಿಯುತ್ತದೆ. ಅಲ್ಲಿ ಮಸಿ ಬಳಿದುಕೊಳ್ಳುವ ಸರದಿ ಬಲಗೈಯವನದು!

ಮಸಿ, ಕಾಗದ, ನಿಬ್ಬು

ಬೇಗ ಒಣಗುವ ಮಸಿಗಾಗಿ ಪೆನ್ನಿನ ತಯಾರಕರೂ ಶ್ರಮಿಸಿದರು. ಪಾರ್ಕರ್ ಸಂಸ್ಥೆ 1931ರಲ್ಲಿ ‘ಕ್ವಿಂಕ್’ ಎಂಬ ಮಸಿಯನ್ನು ಹೊರತಂದಿತು. ‘ಬೇಗ’, ‘ಮಸಿ’ ಎಂಬ ಅರ್ಥದ ಎರಡು ಇಂಗ್ಲಿಷ್ ಮಾತುಗಳ ಬೆಸುಗೆ ಆ ಹೆಸರು. 1941ರಲ್ಲಿ ಬಂದ ‘ಪಾರ್ಕರ್ 51’ ಪೆನ್ನಿನಲ್ಲಿ ನಿಬ್ಬನ್ನು ಮುಸುಕಿನೊಳಗೆ ಅಡಗಿಸಲಾಯಿತು. ಕಾಗದದ ಮೇಲೆ ಬೇಗ ಒಣಗುವ ಮಸಿ ನಿಬ್ಬಿನ ಮೇಲೆಯೇ ಒಣಗಿಬಿಟ್ಟರೆ ಕೆಲಸ ಕೆಟ್ಟಿತಲ್ಲವೇ? ಇತ್ತ ಹಂಗೆರಿಯ ಲಾಸ್ಲೊ ಬೀರೊ, ಪತ್ರಿಕೆಗಳ ಅಚ್ಚಿನ ಮಸಿ ಥಟ್ಟನೆ ಒಣಗುವುದನ್ನು ಗಮನಿಸಿ, 1938ರಲ್ಲಿ ಗುಂಡು ತುದಿಯ ಬಾಲ್‌ಪೆನ್ನಿಗೆ ಬ್ರಿಟನ್ನಿನಲ್ಲಿ ಹಕ್ಕುಪತ್ರ ಪಡೆದನು. ಫ್ರಾನ್ಸಿನ ‘ಬಿಕ್ ಕ್ರಿಸ್ಟಲ್’ 1950ರಲ್ಲಿ ಅದನ್ನು ಅಗ್ಗದ ವಸ್ತುವಾಗಿಸಿತು. ಯಾವ ದಿಕ್ಕಿಗೆ ತಳ್ಳಿದರೂ ಉರುಳುವ ಆ ಗುಂಡು ಎಡಗೈಯವರಿಗೆ ದೊರೆತ ದೊಡ್ಡ ಬಿಡುಗಡೆ.

ಆದರೂ ಇಂಕಿನ ಪೆನ್ನಿನ ಸೊಗಸನ್ನು ಬಿಡಲೊಲ್ಲದ ಎಡಗೈಯವರು ಇಂದಿಗೂ ಇದ್ದಾರೆ. ಅವರಿಗಾಗಿ ಕೆಲವು ಅನುಭವಸಿದ್ಧ ಸೂತ್ರಗಳುಂಟು. ಸಣ್ಣ ನಿಬ್ಬು ಕಡಿಮೆ ಮಸಿ ಸುರಿಸುವುದರಿಂದ ಬರಹ ಬೇಗ ಆರುತ್ತದೆ. ಆದರೆ ಅತಿ ಸಣ್ಣ ನಿಬ್ಬು ತಳ್ಳಿದಾಗ ಕಾಗದವನ್ನು ಗೀರುತ್ತದೆ. ಆದ್ದರಿಂದ ತುದಿ ದುಂಡಗಿರುವ, ಗಟ್ಟಿಯಾದ, ಮಧ್ಯಮ ಅಥವಾ ಅದಕ್ಕಿಂತ ತುಸು ಸಣ್ಣ ನಿಬ್ಬೇ ಮೇಲು. ಹೊಳಪಿನ ನುಣುಪು ಕಾಗದದ ಮೇಲೆ ಮಸಿ ಬಹಳ ಹೊತ್ತು ಕೆರೆಯಂತೆ ನಿಲ್ಲುತ್ತದೆ. ತೀರ ಹೀರುವ ಕಾಗದದಲ್ಲಿ ಅಕ್ಷರದ ಅಂಚು ಬೇರೊಡೆಯುತ್ತದೆ. ಇವೆರಡರ ನಡುವಣದನ್ನು ಆರಿಸಿಕೊಳ್ಳಬೇಕು. ಅಂಗೈಯ ಕೆಳಗೆ ಒಂದು ತುಂಡು ಒತ್ತುಕಾಗದವಿದ್ದರೆ ಅದೇ ರಕ್ಷಾಕವಚ. ಬೆಳಕು ಎಡದಿಂದ ಬರಬೇಕೆಂಬುದು ಬಲಗೈಯವರ ನಿಯಮ. ಎಡಗೈಯವರಿಗೆ ಅದು ಬಲದಿಂದ ಬಂದರೆ ಕೈಯ ನೆರಳು ಬರಹದ ಮೇಲೆ ಬೀಳುವುದಿಲ್ಲ. ಅಂಗಡಿಯಲ್ಲಿ ಪೆನ್ನು ಕೊಳ್ಳುವಾಗ, ಮಾರುವವನು ತನ್ನ ಬಲಗೈಯಲ್ಲಿ ಗೀಚಿ ತೋರಿಸಿದುದನ್ನು ನಂಬದೆ, ಎಡಗೈಯಿಂದಲೇ ನಾಲ್ಕು ಸಾಲು ಬರೆದು ನೋಡುವುದು ಎಲ್ಲಕ್ಕಿಂತ ಮುಖ್ಯ.

ಎಡಗೈಗೆಂದೇ ಮಾಡಿದ ಪೆನ್ನುಗಳೂ ಇಲ್ಲದಿಲ್ಲ. ಇಂಗ್ಲೆಂಡಿನ ಆಸ್ಮಿರಾಯ್ಡ್ ಸಂಸ್ಥೆ ಅಂದದ ಬರಹಕ್ಕಾಗಿ ತಯಾರಿಸುತ್ತಿದ್ದ ಅಗಲ ತುದಿಯ ನಿಬ್ಬುಗಳಲ್ಲಿ ಎಡಗೈಗೆ ತಕ್ಕಂತೆ ಓರೆಯಾಗಿ ಕತ್ತರಿಸಿದವೂ ಇದ್ದುವು. ಇಂಕಿನ ಪೆನ್ನಿನಿಂದ ಮಕ್ಕಳಿಗೆ ಬರಹ ಕಲಿಸುವ ಪದ್ಧತಿ ಜರ್ಮನಿಯಲ್ಲಿ ಬೇರೂರಿದೆ. ಅಲ್ಲಿ ಪೆಲಿಕಾನ್ ಸಂಸ್ಥೆ 1960ರಲ್ಲಿ ಹೊರತಂದ ‘ಪೆಲಿಕಾನೊ’ ಎಂಬ ಶಾಲಾಪೆನ್ನಿಗೆ ಮುಂದೆ ಎಡಗೈಯ ಮಾದರಿಯೂ ಸೇರಿತು. 1980ರಲ್ಲಿ ಬಂದ ಲಾಮಿಯವರ ‘ಸಫಾರಿ’ಗೂ ಎಡಗೈಯ ನಿಬ್ಬು ಪ್ರತ್ಯೇಕವಾಗಿ ದೊರೆಯುತ್ತದೆ. ಹೆಬ್ಬಾತಿನ ಬಲರೆಕ್ಕೆಯನ್ನು ಯಂತ್ರಯುಗ ಬಹಳ ತಡವಾಗಿ ನೆನಪಿಸಿಕೊಂಡಿತೆನ್ನಬೇಕು.

ನಲವತ್ತು ಪುಟಗಳು

1909ರ ನವೆಂಬರ್ ತಿಂಗಳು. ಲಂಡನ್ನಿನಿಂದ ದಕ್ಷಿಣ ಆಫ್ರಿಕಕ್ಕೆ ಹೊರಟಿದ್ದ ‘ಕಿಲ್ಡೋನನ್ ಕ್ಯಾಸಲ್’ ಎಂಬ ಹಡಗಿನಲ್ಲಿ ಕುಳಿತು ಗಾಂಧೀಜಿಯವರು ಗುಜರಾತಿಯಲ್ಲಿ ‘ಹಿಂದ್ ಸ್ವರಾಜ್’ ಬರೆಯುತ್ತಿದ್ದರು. ವಿಚಾರಗಳ ವೇಗಕ್ಕೆ ಬಲಗೈ ಸೋತಿತು. ಅವರು ಲೇಖನಿಯನ್ನು ಎಡಗೈಗೆ ದಾಟಿಸಿ ಬರೆವಣಿಗೆಯನ್ನು ಮುಂದುವರಿಸಿದರು. ಹಸ್ತಪ್ರತಿಯ ಸುಮಾರು 40 ಪುಟಗಳು ಹೀಗೆ ಎಡಗೈಯಿಂದ ಬರೆದವು. ಹಸ್ತಪ್ರತಿಯಲ್ಲಿ ಎರಡು ಕೈಗಳ ಬರಹವೂ ಬೇರೆಬೇರೆಯಾಗಿ ಕಾಣುತ್ತದೆ. ಆದರೆ ಅಚ್ಚಾದ ಪುಸ್ತಕದಲ್ಲಿ ಯಾವ ವಾಕ್ಯ ಯಾವ ಕೈಯದೆಂದು ಹೇಳಬಲ್ಲವರಾರು? ಎಡಗೈಯಲ್ಲಿ ಬರೆದ ಮಾತ್ರಕ್ಕೆ ವಿಚಾರದ ತೂಕ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ.

ಎಡಗೈ ಒಂದು ಚಟವಲ್ಲ, ಹಟವಲ್ಲ, ಹುಟ್ಟು. ಅದನ್ನು ಬಲವಂತವಾಗಿ ಬಿಡಿಸುವ ಪದ್ಧತಿಯನ್ನು ಇಂದಿನ ಶಿಕ್ಷಣತಜ್ಞರು ಒಪ್ಪುವುದಿಲ್ಲ. ಮನೆಯಲ್ಲಿ ಎಡಗೈಯ ಮಗುವೊಂದಿದ್ದು, ಇಂಕಿನ ಪೆನ್ನನ್ನು ಬಯಸಿದರೆ, ಹಿರಿಯರು ಮಾಡಬೇಕಾದುದು ಇಷ್ಟೆ: ಕಾಗದವನ್ನು ಸ್ವಲ್ಪ ಬಲಕ್ಕೆ ವಾಲಿಸಿ ಕೊಡುವುದು, ದುಂಡು ತುದಿಯ ನಿಬ್ಬೊಂದನ್ನು ಆರಿಸಿ ಕೊಡುವುದು, ಕೆಲವು ವಾರ ಕಾಯುವುದು. ಮೊದಲ ದಿನಗಳಲ್ಲಿ ಅಂಗೈ ನೀಲಿಯಾಗಿಯೇ ಬರುತ್ತದೆ. ಸಾಬೂನು ಹಾಕಿ ತೊಳೆದರೆ ಆ ಕಲೆ ಹೋಗುತ್ತದೆ. ಕೈಯ ಮೇಲೆ ಕೊಟ್ಟ ಪೆಟ್ಟಿನ ಕಲೆ ಅಷ್ಟು ಸುಲಭವಾಗಿ ಹೋಗುವುದಿಲ್ಲ.