ಹೊಸತೊಡಕಿನ ಗುಡ್ಡೆ ಬಾಡು

ಯುಗಾದಿಯ ಮಾರನೆಯ ದಿನ ಹಳೆ ಮೈಸೂರು ಸೀಮೆಯಲ್ಲಿ ನಡೆಯುವ ಬಾಡೂಟದ ಹಬ್ಬವೇ ಹೊಸತೊಡಕು. ವರ್ಷತೊಡಕು ಎಂದೂ ಕರೆಯುವುದುಂಟು. ಮಂಡ್ಯ, ರಾಮನಗರ, ತುಮಕೂರು, ಹಾಸನ, ಮೈಸೂರು ಮತ್ತು ಬೆಂಗಳೂರಿನ ಸುತ್ತಲ ಹಳ್ಳಿಗಳಲ್ಲಿ ಇದರ ಸಡಗರ ಜೋರು. ಯುಗಾದಿಯಂದು ಬೇವು-ಬೆಲ್ಲ, ಒಬ್ಬಟ್ಟು, ಒಬ್ಬಟ್ಟಿನ ಸಾರು; ಮಾಂಸದ ಸುದ್ದಿಯಿಲ್ಲ. ಸಂಜೆ ಚಂದ್ರದರ್ಶನ ಮಾಡಿ ಹಿರಿಯರ ಕಾಲಿಗೆರಗಿದರೆ ಸಿಹಿಯ ಹಬ್ಬ ಮುಗಿಯಿತು. ವರ್ಷದ ಮೊದಲಲ್ಲಿ ಮಾಡಿದ್ದು ವರ್ಷವಿಡೀ ನಡೆಯುತ್ತದೆಂಬ ನಂಬಿಕೆಯಿಂದ ಮರುದಿನ ಹೊಟ್ಟೆತುಂಬ ಉಣ್ಣಬೇಕು, ಬಂದವರಿಗೂ ಉಣ್ಣಿಸಬೇಕು.

ಅನೇಕ ಹಳ್ಳಿಗಳಲ್ಲಿ ಆ ದಿನದ ಮಾಂಸ ಅಂಗಡಿಯಿಂದ ಬರುವುದಿಲ್ಲ. ಇಡೀ ಕುರಿ ಒಂದು ಮನೆಗೆ ಹೆಚ್ಚು. ಫ್ರಿಜ್ ಇಲ್ಲದ ಕಾಲದಲ್ಲಿ, ಉಪ್ಪು ಅರಿಶಿನ ಹಚ್ಚಿ ಒಣಗಿಸುವುದು ಬಿಟ್ಟರೆ, ಮಿಕ್ಕದ್ದನ್ನು ಇಟ್ಟುಕೊಳ್ಳಲು ಬೇರೆ ದಾರಿಯೂ ಇರಲಿಲ್ಲ. ಹಾಗಾಗಿ ಹಲವು ಮನೆಗಳು ಸೇರಿ ಕುರಿ ಕೊಂಡು ಹಂಚಿಕೊಳ್ಳುತ್ತವೆ. ಇದೇ ಗುಡ್ಡೆ ಬಾಡು, ಅಥವಾ ಗುಡ್ಡೆ ಮಾಂಸ. ಕೆಲವೆಡೆ ಇದಕ್ಕೆಂದೇ ಚೀಟಿ ನಡೆಯುತ್ತದೆ. ತಿಂಗಳು ತಿಂಗಳು ಇಂತಿಷ್ಟು ಕಟ್ಟಿದರೆ ಹಬ್ಬದ ಹೊತ್ತಿಗೆ ಮಾಂಸ ಖಾತ್ರಿ. ಕೂಲಿ ಮಾಡಿ ಬದುಕುವವರಿಗೆ ಹಬ್ಬದ ಖರ್ಚು ಒಮ್ಮೆಲೇ ಮೈಮೇಲೆ ಬೀಳದಂತೆ ನೋಡಿಕೊಳ್ಳುವ ಏರ್ಪಾಡಿದು. ಒಂದು ನೋಟ್ ಬುಕ್ಕು, ಹಣ ಇಟ್ಟುಕೊಂಡವನ ಮೇಲಿನ ನಂಬಿಕೆ, ಇವೆರಡೇ ಅದರ ಆಧಾರ.

ನಸುಕಿನಲ್ಲೇ ಕುರಿ ಕೊಯ್ದು ಹಸನು ಮಾಡುತ್ತಾರೆ. ಹಿಂದೆ ಬಾಳೆಲೆ, ತೆಂಗಿನ ಗರಿ ಹಾಸುತ್ತಿದ್ದ ಜಾಗದಲ್ಲಿ ಈಗ ಟಾರ್ಪಾಲು ಬಂದಿದೆ. ಸೇರಿದ ಮನೆಗಳೆಷ್ಟೋ ಅಷ್ಟು ಗುಡ್ಡೆ. ಒಂದು ಗುಡ್ಡೆ ಮುಗಿಸಿ ಇನ್ನೊಂದಕ್ಕೆ ಹೋಗುವ ಪದ್ಧತಿ ಇಲ್ಲ. ತೊಡೆಯ ಮಾಂಸ ಎಲ್ಲ ಗುಡ್ಡೆಗೂ ಬಿದ್ದ ಮೇಲೆ ಪಕ್ಕೆಲುಬು, ಆಮೇಲೆ ಈಲಿ, ಬೋಟಿ, ಕೊಬ್ಬು, ಹೀಗೆ ಸುತ್ತು ಬರುತ್ತದೆ. ಕೊನೆಯಲ್ಲಿ ಅನುಭವಸ್ಥರೊಬ್ಬರು ಕಣ್ಣಳತೆಯಲ್ಲೇ ಈ ಗುಡ್ಡೆಯ ತುಂಡು ಆ ಗುಡ್ಡೆಗೆ ಹಾಕಿ ಸರಿದೂಗಿಸುತ್ತಾರೆ. ಸಣ್ಣ ಸಂಸಾರದವರು ಅರ್ಧ ಗುಡ್ಡೆ ಕೊಳ್ಳಬಹುದು. ಜಮೀನ್ದಾರನಿಗೊಂದು, ಆಳಿಗೊಂದು ಎಂಬ ಗುಡ್ಡೆ ಇಲ್ಲಿಲ್ಲ. ಎಲ್ಲದರಲ್ಲೂ ಎಲ್ಲವೂ ಇರಬೇಕು. ಈ ಪದ್ಧತಿಯ ಹಿರಿಮೆ ಇರುವುದೇ ಇಲ್ಲಿ. ಆದರೆ ಬಹಳ ಊರುಗಳಲ್ಲಿ ಕೇರಿಗೊಂದು ಗುಂಪು ಎಂಬುದೂ ನಿಜ. ಕೇರಿ ದಾಟದ ಸಮಾನತೆ ಅರೆಬರೆಯದೇ.

ಮಧ್ಯಾಹ್ನದ ಹೊತ್ತಿಗೆ ಬೀದಿಯ ತುಂಬ ಮಸಾಲೆಯ ಘಮ. ರಾಗಿಮುದ್ದೆ, ಬಾಡಿನ ಸಾರು, ಬೋಟಿ ಗೊಜ್ಜು, ಕೈಮಾ ಉಂಡೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಅಳಿಯಂದಿರು, ಬೆಂಗಳೂರಿನಲ್ಲಿ ದುಡಿಯುವ ಹುಡುಗರು, ಅವರ ಗೆಳೆಯರು ಎಲ್ಲರಿಗೂ ಎಲೆ ಹಾಕಲೇಬೇಕು. ಮಾಂಸ ತಿನ್ನದ ನೆರೆಮನೆಗೆ ಹಿಂದಿನ ದಿನವೇ ಒಬ್ಬಟ್ಟು ಹೋಗಿರುತ್ತದೆ. ಹೊಸತೊಡಕು ಸೋಮವಾರವೋ ಶನಿವಾರವೋ ಬಿದ್ದರೆ, ಆ ವಾರ ಮಾಂಸ ಮುಟ್ಟದ ಮನೆಗಳು ಬಾಡೂಟವನ್ನು ಒಂದು ದಿನ ಮುಂದಕ್ಕೆ ಹಾಕುತ್ತವೆ.

ಕುರಿ ಎಷ್ಟು ಬೇಕೆಂಬ ಲೆಕ್ಕ ಗುಡ್ಡೆಗಳ ಸಂಖ್ಯೆಯ ಮೇಲೆ ನಿಂತಿದೆ. ಆದ್ದರಿಂದ ಹಬ್ಬಕ್ಕೆ ಊರಿಗೆ ಹೋಗುವವರು ಕುರಿ ಕೊಳ್ಳುವ ಮೊದಲೇ ತಮ್ಮ ಹೆಸರು ಬರೆಸಿಬಿಡುವುದು ಒಳ್ಳೆಯದು.