ಮನೆಯ ಕಾವಲು: ಯಂತ್ರವನ್ನು ಎಷ್ಟು ನಂಬಬಹುದು?

ಪುಣೆ-ಸೊಲ್ಲಾಪುರ ಹೆದ್ದಾರಿಯಲ್ಲಿ, ಉಜನಿ ಜಲಾಶಯದ ಹಿನ್ನೀರಿಗೆ ಸಮೀಪದಲ್ಲಿರುವ ತಾಲೂಕು ಕೇಂದ್ರ ಇಂದಾಪುರ. ಇಂತಹ ಊರುಗಳಲ್ಲಿ ವೃದ್ಧ ತಂದೆ-ತಾಯಿಯರಿದ್ದು, ಮಕ್ಕಳು ಪುಣೆ, ಮುಂಬಯಿಗಳಲ್ಲಿ ನೆಲೆಸಿರುವ ಕುಟುಂಬಗಳು ಅನೇಕ. ಮನೆಬಾಗಿಲನ್ನು ಮೊಬೈಲಿನಲ್ಲೇ ತೋರಿಸುವ ‘ಸ್ಮಾರ್ಟ್’ ಭದ್ರತಾ ವ್ಯವಸ್ಥೆ ಅವರಿಗೆ ದೊಡ್ಡ ಆಸರೆ. ಆದರೆ ಅಗತ್ಯ ಬಿದ್ದ ರಾತ್ರಿಯೇ ಅದು ಮೂಕವಾದರೆ, ಇಲ್ಲದ ಕಾವಲನ್ನು ಇದೆಯೆಂದು ನಂಬಿ ಮಲಗಿದಂತಾಗುತ್ತದೆ.

ಈ ವ್ಯವಸ್ಥೆ ಒಂದು ಸರಪಳಿಯಿದ್ದಂತೆ. ವಿದ್ಯುತ್ತು, ಕ್ಯಾಮೆರಾ, ರೌಟರ್, ಅಂತರಜಾಲ ಎಂಬ ನಾಲ್ಕು ಕೊಂಡಿಗಳೂ ಏಕಕಾಲಕ್ಕೆ ಸರಿಯಿದ್ದರೆ ಮಾತ್ರ ಚಿತ್ರ ನಮ್ಮನ್ನು ತಲುಪುತ್ತದೆ. ಪ್ರತಿಯೊಂದು ಕೊಂಡಿಯೂ ಬೇರೆ ಬೇರೆಯಾಗಿ ಶೇ. 99ರಷ್ಟು ಸಮಯ ಕೆಲಸ ಮಾಡಿದರೂ, ಒಟ್ಟು ವ್ಯವಸ್ಥೆ ಕೆಲಸ ಮಾಡುವುದು ಶೇ. 96ರಷ್ಟು ಸಮಯ ಮಾತ್ರ. ಅಂದರೆ ವರ್ಷದಲ್ಲಿ ಸುಮಾರು 14 ದಿನ ಕಾವಲಿಲ್ಲ!

ಮೊದಲ ಕೊಂಡಿ ವಿದ್ಯುತ್ತು. ಮುಂಗಾರುಪೂರ್ವ ಗುಡುಗು-ಗಾಳಿಗೆ ವಿದ್ಯುತ್ ಕಡಿತ ಸಾಮಾನ್ಯ. 12 ವೋಲ್ಟ್, 7 ಆಂಪಿಯರ್-ಗಂಟೆಯ ಸಣ್ಣ ಬ್ಯಾಟರಿಯಲ್ಲಿರುವುದು 84 ವ್ಯಾಟ್-ಗಂಟೆ ಶಕ್ತಿ. ನಾಲ್ಕು ಕ್ಯಾಮೆರಾ, ರೆಕಾರ್ಡರ್, ರೌಟರ್ ಸೇರಿ 40 ವ್ಯಾಟ್ ಬಳಸಿದರೆ ಅದು ಎರಡು ಗಂಟೆಯೂ ಬಾರದು. 150 ಆಂಪಿಯರ್-ಗಂಟೆಯ ಮನೆಯ ಇನ್ವರ್ಟರಿಗೆ ಇವನ್ನೆಲ್ಲ ಜೋಡಿಸಿದರೆ ಇಡೀ ರಾತ್ರಿ ನಿಶ್ಚಿಂತೆ. ಕ್ಯಾಮೆರಾಕ್ಕೆ ಮಾತ್ರ ಬ್ಯಾಟರಿ ಕೊಟ್ಟು ರೌಟರನ್ನು ಮರೆತರೆ ಪ್ರಯೋಜನವಿಲ್ಲ.

ಎರಡನೆಯದು ಅಂತರಜಾಲ. ಅದು ಕಡಿದರೂ ಸೈರನ್ ಮೊಳಗಬೇಕು, ಚಿತ್ರ ಮನೆಯಲ್ಲೇ ದಾಖಲಾಗಬೇಕು. ಸೆಕೆಂಡಿಗೆ 2 ಮೆಗಾಬಿಟ್ ವೇಗದ ನಾಲ್ಕು ಕ್ಯಾಮೆರಾಗಳಿಗೆ ದಿನಕ್ಕೆ ಸುಮಾರು 86 ಗಿಗಾಬೈಟ್ ಬೇಕು. 1 ಟೆರಾಬೈಟ್ ಡಿಸ್ಕಿನಲ್ಲಿ 11 ದಿನಗಳ ದಾಖಲೆ ಹಿಡಿಯುತ್ತದೆ. ಎಚ್ಚರಿಕೆಯ ಸಂದೇಶಕ್ಕಾಗಿ ಬೇರೆ ಕಂಪನಿಯ ಸಿಮ್ ಇದ್ದರೆ ಒಳ್ಳೆಯದು. ದಪ್ಪ ಕಲ್ಲುಗೋಡೆಯ ಹಳೆಯ ಮನೆಗಳಲ್ಲಿ ವೈ-ಫೈ ಕುಗ್ಗುವುದರಿಂದ ಮುಖ್ಯ ಕ್ಯಾಮೆರಾಗಳಿಗೆ ತಂತಿಯ ಸಂಪರ್ಕವೇ ಲೇಸು.

ಮೂರನೆಯದು ಸುಳ್ಳು ಎಚ್ಚರಿಕೆ. ಚಲನೆಯನ್ನು ಗುರುತಿಸುವ ಸಂವೇದಕಗಳು ದೇಹದ ಶಾಖವನ್ನು ಗ್ರಹಿಸುತ್ತವೆ. ನಾಯಿ, ಬೆಕ್ಕು ಸುಳಿದರೂ ಕೂಗಬಲ್ಲವು. ಪದೇ ಪದೇ ಹೀಗಾದರೆ ಮನೆಯವರೇ ಬೇಸತ್ತು ಅದನ್ನು ಆರಿಸಿಬಿಡುತ್ತಾರೆ. ಬಾಗಿಲಿನ ಸಂವೇದಕ ಮತ್ತು ಚಲನೆಯ ಸಂವೇದಕ ಎರಡೂ ಒಪ್ಪಿದಾಗ ಮಾತ್ರ ಸೈರನ್ ಕೂಗುವಂತೆ ಹೊಂದಿಸಿಕೊಳ್ಳಬಹುದು.

ನಾಲ್ಕನೆಯದು ಗುಪ್ತಪದ. ಕಾರ್ಖಾನೆ ಕೊಟ್ಟ ಗುಪ್ತಪದವನ್ನೇ ಉಳಿಸಿಕೊಂಡ ಅಸಂಖ್ಯ ಕ್ಯಾಮೆರಾಗಳನ್ನು ‘ಮಿರಾಯ್’ ಎಂಬ ಕುತಂತ್ರಾಂಶ ವಶಪಡಿಸಿಕೊಂಡು, 2016ರ ಅಕ್ಟೋಬರ್ 21ರಂದು ಅನೇಕ ಪ್ರಸಿದ್ಧ ಜಾಲತಾಣಗಳನ್ನು ಸ್ತಬ್ಧಗೊಳಿಸಿತ್ತು. ಆದ್ದರಿಂದ ಗುಪ್ತಪದವನ್ನು ಮೊದಲ ದಿನವೇ ಬದಲಿಸಬೇಕು. ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸಬೇಕು.

ಕೊನೆಯದಾಗಿ, ತಿಂಗಳಿಗೊಮ್ಮೆ ಮುಖ್ಯ ಸ್ವಿಚ್ಚನ್ನೂ, ಬಳಿಕ ರೌಟರನ್ನೂ ಆರಿಸಿ ಪರೀಕ್ಷಿಸುವುದು ಅಗತ್ಯ. ಯಂತ್ರ ಕೂಗಬಲ್ಲದು, ಓಡಿಬರಲಾರದು. ಓಡಿಬರುವವರು ನೆರೆಹೊರೆಯವರು ಹಾಗೂ 112ಕ್ಕೆ ಕರೆದರೆ ಬರುವ ಪೊಲೀಸರು. ಪಕ್ಕದ ಮನೆಯವರ ದೂರವಾಣಿ ಸಂಖ್ಯೆ ನಮ್ಮ ಬಳಿಯೂ, ನಮ್ಮದು ಅವರ ಬಳಿಯೂ ಇರಲಿ.